ಒಳಗೆ ನಾಲ್ಕು ಇಂಚು

ಮರಗಳ ಬಗ್ಗೆ ನಾಲ್ಕು ಜನರ ಮುಂದೆ ಅಧಿಕಾರದಿಂದ ಮಾತಾಡಬೇಕಾದರೆ ಒಬ್ಬ ಮನುಷ್ಯ ಎಷ್ಟು ಮರ ನೆಟ್ಟಿರಬೇಕು? ನಮ್ಮ ಟೈಲರ್ ಒಂದನ್ನೂ ನೆಟ್ಟಿರಲಿಲ್ಲ. ಅವನಿಗೆ ಹತ್ತಿರದ ಪರಿಚಯವಿದ್ದ ಮರವೆಂದರೆ ಬಟ್ಟೆ ಕತ್ತರಿಸುವ ಮೇಜು. ಅದೂ ಯಾವ ಮರದ್ದೆಂದು ಅವನಿಗೆ ತಿಳಿದಿರಲಿಲ್ಲ. ಹಾಗಿದ್ದೂ ಬೀದಿಯ ಸಭೆಯಲ್ಲಿ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ನಗರಸಭೆಯ ಸುತ್ತೋಲೆ ಓದಿ, "ನಿಮ್ಮಲ್ಲಿ ಗಿಡಮರ ಬಲ್ಲವರು ಯಾರಿದ್ದೀರಿ?" ಎಂದು ಕೇಳಿದಾಗ ಅವನ ಕೈ ತಾನಾಗಿಯೇ ಮೇಲೆದ್ದಿತು. ಸೆಕೆಗೆ ಕಾಲರ್ ಸಡಿಲಿಸಿಕೊಳ್ಳಲು ಎತ್ತಿದ ಕೈ ಅದು ಎಂದು ಅವನ ಹೆಂಡತಿ ಇಂದಿಗೂ ವಾದಿಸುತ್ತಾಳೆ. ಇರಬಹುದು. ಆದರೆ ಎತ್ತಿದವನು ಇಳಿಸಲಿಲ್ಲ, ಅದು ಮುಖ್ಯ.

"ಹೊಲಿಯೋ ಗುಂಡಿಗೂ ತೋಡೋ ಗುಂಡಿಗೂ ವ್ಯತ್ಯಾಸ ಗೊತ್ತಲ್ಲಪ್ಪಾ?" ಎಂದರು ಹೆಡ್‌ಮಾಸ್ಟರು.

ಸಭೆ ನಕ್ಕಿತು. ನಗಿಸಿಕೊಂಡ ಮೇಲೆ ಹಿಂದೆ ಸರಿಯುವ ಜಾಯಮಾನ ಟೈಲರನದಲ್ಲ. "ಮರದ ವಿಷಯ ನನಗೆ ಬಿಡಿ ಸಾರ್. ನಾನು ನೋಡದೇ ಇರೋ ಮರ ಇಲ್ಲ," ಎಂದುಬಿಟ್ಟ.

ಸುತ್ತೋಲೆಯ ಸಾರಾಂಶ ಇಷ್ಟು. ಬೀದಿಯಲ್ಲಿ ಹನ್ನೆರಡು ಮನೆ. ಮನೆಗೊಂದರಂತೆ ಫುಟ್‌ಪಾತಿನ ಮೇಲೆ ಹನ್ನೆರಡು ಗುಂಡಿ ತೋಡಿ ನಗರಸಭೆಯವರು ಹನ್ನೆರಡು ಸಸಿ ನೆಡುತ್ತಾರೆ. ಯಾವ ಜಾತಿಯ ಮರ ಬೇಕೆಂದು ಬೀದಿಯವರೇ ಒಮ್ಮತದಿಂದ ಬರೆದುಕೊಡಬೇಕು. ಶುಕ್ರವಾರ ಸಂಜೆ ಐದರೊಳಗೆ ಪಟ್ಟಿ ಬರದಿದ್ದರೆ, ಅಥವಾ ಬಂದ ಪಟ್ಟಿಯಲ್ಲಿ ಜಗಳ ಕಂಡರೆ, ಹನ್ನೆರಡೂ ಸಸಿ ಪಕ್ಕದ ಬೀದಿಗೆ. ಪಕ್ಕದ ಬೀದಿಯವರು ಆಗಲೇ ನೀರಿನ ಪೈಪು ಹಿಡಿದು ಕಾಯುತ್ತಿದ್ದಾರೆಂದು ಸುದ್ದಿಯಿತ್ತು.

ಹನ್ನೆರಡನೆಯ ಮನೆ ಟೈಲರನದೇ. ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿಯ ಬಾಗಿಲು ನೆಟ್ಟಗೆ ಪಶ್ಚಿಮಕ್ಕೆ. ಮಧ್ಯಾಹ್ನ ಎರಡಾಯಿತೆಂದರೆ ಬಿಸಿಲು ಕೇಳದೆ ಕರೆಯದೆ ಒಳಗೆ ಬಂದು ಸಂಜೆಯ ತನಕ ಕೂರುತ್ತಿತ್ತು. ಪ್ರದರ್ಶನಕ್ಕೆ ನೇತುಹಾಕಿದ್ದ ಕರೀ ಕೋಟಿನ ಎಡಭಾಗ ಬೂದಿ ಬಣ್ಣಕ್ಕೆ ತಿರುಗಿ ವರ್ಷಗಳೇ ಆಗಿದ್ದವು. ಒಳಗಿನ ಮೂಲೆಗಳಲ್ಲಿ ಬೆಳಕು ಸಾಲದೆಂದು ಹೆಂಡತಿ ಬಾಗಿಲಲ್ಲೇ ಕೂತು ಗುಂಡಿಯ ಕಾಜಾ ಹೊಲಿಯಬೇಕು. ಮಷಿನಿಗೆ ಒಂದು ಕೋಲು, ಕೋಲಿಗೆ ಒಂದು ಕೊಡೆ ಕಟ್ಟಿಕೊಂಡು ಹನ್ನೊಂದು ವರ್ಷದಿಂದ ಅವಳು ಹಾಗೇ ಕೂತಿದ್ದಳು.

"ಪಂಡಿತರು ಆಮೇಲೆ ಆಗುವಿರಂತೆ," ಎಂದಳು ಅವಳು ಆ ಸಂಜೆ. "ಮೊದಲು ನನ್ನ ತಲೆ ಮೇಲೆ ಒಂದು ನೆರಳು ಬರೋ ಹಾಗೆ ಮಾಡಿ."

"ಹನ್ನೆರಡನೇ ಗುಂಡಿಗೆ ಬೀದೀಲೇ ದೊಡ್ಡ ಮರ. ಬರೆದಿಟ್ಕೋ," ಎಂದ ಟೈಲರ್.

ಬರೆದಿಡುವುದರಲ್ಲೇ ಯಡವಟ್ಟಾಯಿತು. ಟೈಲರ್ ಯಾವಾಗ ಪುಸ್ತಕ ಕೊಂಡರೂ ಎರಡು ಕೊಳ್ಳುವವನು. ಉದ್ದನೆಯ ಪುಸ್ತಕಗಳು. ಅಂಗಡಿಯಲ್ಲಿ ಉಳಿದ ಒಂದೇ ತುಂಡು ಬಟ್ಟೆಯಿಂದ ಎರಡಕ್ಕೂ ಹೊದಿಕೆ ಹೊಲಿಯುತ್ತಿದ್ದ. ಈ ಸಲ ಎರಡಕ್ಕೂ ಹಸಿರು ಚೌಕುಳಿ. ಒಂದರಲ್ಲಿ ಅವನು ಬೀದಿಯ ಮರದ ಪಟ್ಟಿ ಶುರುಮಾಡಿದ. ಇನ್ನೊಂದರಲ್ಲಿ ಹಿಂದಿನ ವಾರವೇ ನಗರಸಭೆಯ ಬ್ಯಾಂಡಿನವರ ಅಳತೆ ಬರೆದುಕೊಂಡಿದ್ದ. ಗಿಡ ನೆಡುವ ಸಮಾರಂಭಕ್ಕೆ ಅವರಿಗೆ ಹೊಸ ಸಮವಸ್ತ್ರ. ಬ್ಯಾಂಡಿನವರೂ ಲೆಕ್ಕಕ್ಕೆ ಸರಿಯಾಗಿ ಹನ್ನೆರಡು ಜನ.

ಆ ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಟೈಲರ್ ಹೆಸರು ಬರೆಯುವವನಲ್ಲ. ನಂಬರು, ಎತ್ತರ ಎದೆ ತೋಳಿನ ಮೂರು ಅಳತೆ, ಪಕ್ಕದಲ್ಲಿ ತನಗಷ್ಟೇ ತಿಳಿಯುವ ಷರಾ. ಹೊಸದಾಗಿ ಮದುವೆಯಾದ ಗಿರಾಕಿ ಬಂದರೆ ಅವನು ಎಷ್ಟೇ ತೆಳ್ಳಗಿರಲಿ, ಹೊಲಿಗೆಯ ಒಳಗೆ ನಾಲ್ಕು ಇಂಚು ಬಟ್ಟೆ ಮಡಚಿಡುವುದು ಅವನ ಕಸುಬಿನ ನಿಯಮ. ವರ್ಷದೊಳಗೆ ಬಿಚ್ಚಿಸಿಕೊಳ್ಳಲು ಬಂದೇ ಬರುತ್ತಾರೆಂದು ಅನುಭವ. ಬ್ಯಾಂಡಿನವರ ಅಳತೆಯನ್ನು ಅವನು ಒಮ್ಮೆ ತೆಗೆದು ಆ ಕಾಗದವನ್ನೇ ಕಳೆದುಕೊಂಡಿದ್ದ. ಎರಡನೇ ಸಲ ಅಳೆಯಲು ಹೋದಾಗ ಬ್ಯಾಂಡ್ ಮಾಸ್ತರು, "ಇನ್ನೊಂದು ಸಲ ಟೇಪ್ ಹಿಡ್ಕೊಂಡು ಬಂದ್ರೆ ಕೆಲಸ ಬೇರೆ ಟೈಲರಿಗೆ," ಎಂದು ಮೊದಲೇ ಹೇಳಿಬಿಟ್ಟಿದ್ದರು.

ಸೋಮವಾರದಿಂದ ಟೈಲರ್ ಮನೆಮನೆ ಹತ್ತಿ ಇಳಿದ. ಒಮ್ಮತ ಎಂಬ ವಸ್ತು ಆ ಬೀದಿಯಲ್ಲಿ ದಾಸ್ತಾನಿರಲಿಲ್ಲ.

ಒಂದನೇ ಮನೆಯ ಬೇಕರಿಯವನಿಗೆ ತನ್ನ ಬೋರ್ಡು ಮುಚ್ಚದ ಮರ ಬೇಕು. ಅಂದರೆ ಬೋರ್ಡಿಗಿಂತ ಗಿಡ್ಡ, ಇಲ್ಲವೇ ಮಹಡಿಗಿಂತ ಎತ್ತರ, ನಡುವಿನ ಎತ್ತರಕ್ಕೆ ಅದು ಯಾವತ್ತೂ ಬರಕೂಡದು. ಎಂಟನೇ ಮನೆಯ ಮಹಡಿಯ ಅಜ್ಜಿಗೆ ಮಾವು ಬೇಕು. "ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತೆ?" ಎಂದು ಕೇಳಿದರು. ಐದಾರು ವರ್ಷ ಎಂದರೆ, "ಅಷ್ಟೆಲ್ಲ ನಾನಿರಲ್ಲ, ಬರೋ ವರ್ಷಕ್ಕೆ ಬಿಡೋದು ಬರ್ಕೋ," ಎಂದರು. ಟೈಲರ್ ಬರೆದುಕೊಂಡ. ಹೆಡ್‌ಮಾಸ್ಟರಿಗೆ ಹನ್ನೆರಡೂ ಒಂದೇ ಜಾತಿ, ಒಂದೇ ಎತ್ತರ, ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ಇರಬೇಕು. ನಾಲ್ಕನೇ ಮನೆಯ ಕಾರಿನ ಸಾಹೇಬರು ಕಾರಿನ ಮೈ ಒರೆಸುತ್ತಲೇ ತಮ್ಮ ಷರತ್ತು ಹೇಳಿದರು.

"ಎಲೆ ಉದುರಬಾರದು. ಹೂ ಉದುರಬಾರದು. ಹಕ್ಕಿ ಕೂರಬಾರದು."

"ಅಂಥದ್ದು ಈಗಾಗಲೇ ನಿಮ್ಮ ಮನೆ ಮುಂದೆ ಇದೆಯಲ್ಲ ಸಾರ್, ಲೈಟ್ ಕಂಬ," ಎಂದ ಎದುರಿನ ಕ್ಷೌರದಂಗಡಿಯವನು. ಅವನ ಪಕ್ಷ ಬೇವು. ಬೇವಿನ ಗಾಳಿಗೆ ಗಿರಾಕಿಗಳು ನಿದ್ದೆ ಹೋಗುತ್ತಾರೆ, ನಿದ್ದೆ ಹೋದವರು ಕ್ಷೌರದ ಬಗ್ಗೆ ತಕರಾರು ಮಾಡುವುದಿಲ್ಲ ಎಂಬುದು ಅವನ ವಾದ. ಅಲ್ಲಿಂದ ಶುರುವಾದ ಜಗಳ ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲಿಗೆ ಟೈಲರನ ಅಂಗಡಿಯೊಳಗೇ ನಡೆಯುತ್ತಿತ್ತು. ಮೇಜಿನ ಒಂದು ಕಡೆ ಹೆಡ್‌ಮಾಸ್ಟರು, ಇನ್ನೊಂದು ಕಡೆ ಕ್ಷೌರದವನು, ನಡುವೆ ಬಟ್ಟೆಯ ರಾಶಿ.

"ಐದಾಗ್ತಿದೆ ಕಣ್ರೀ," ಎಂದು ಹೆಂಡತಿ ಕೂಗಿದಳು.

ಟೈಲರ್ ರಾಶಿಯೊಳಗೆ ಕೈ ಹಾಕಿ ಹಸಿರು ಚೌಕುಳಿ ಪುಸ್ತಕವನ್ನು ಎಳೆದುಕೊಂಡು, ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಓಡಿದ. ಐದಕ್ಕೆ ಒಂದು ನಿಮಿಷವಿರುವಾಗ ನಗರಸಭೆಯ ಗುಮಾಸ್ತ ಪುಸ್ತಕದ ಮೇಲೆ ಸೀಲು ಒತ್ತಿದ. ಬೀದಿ ಉಳಿಯಿತು ಎಂದುಕೊಂಡು ಟೈಲರ್ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಮನೆಗೆ ಬಂದ.

ಸೋಮವಾರ ಬೆಳಗ್ಗೆ ಅವನು ಬ್ಯಾಂಡಿನವರ ಕೆಂಪು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಕತ್ತರಿ ಹಿಡಿದು, ಅಳತೆಯ ಪುಸ್ತಕ ತೆರೆದ. ನಾಲ್ಕನೆಯವನ ಕೋಟಿನ ಅಳತೆಯಿರಬೇಕಾದ ಜಾಗದಲ್ಲಿ 'ಹಕ್ಕಿ ಕೂರಬಾರದು' ಎಂದಿತ್ತು. ಎಂಟನೆಯವನು ಬರೋ ವರ್ಷಕ್ಕೆ ಕಾಯಿ ಬಿಡಬೇಕಾಗಿತ್ತು. ಟೈಲರ್ ಪುಸ್ತಕ ಮುಚ್ಚಿ ಮತ್ತೆ ತೆರೆದ. ಅಷ್ಟರಿಂದ ಏನೂ ಬದಲಾಗಲಿಲ್ಲ.

"ಲೇ, ಆಫೀಸಿಗೆ ಕೊಟ್ಟಿದ್ದು ಬ್ಯಾಂಡಿನವರ ಪುಸ್ತಕ," ಎಂದ ಮೆಲ್ಲಗೆ.

ಹೆಂಡತಿ ಬಾಯಿ ತೆರೆಯುವುದಕ್ಕೂ ಬಾಗಿಲಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಇಳಿದವರು ಉದ್ಯಾನ ವಿಭಾಗದ ಅಧಿಕಾರಿ ಮೇಡಂ. ಮಣ್ಣು ಮೆತ್ತಿದ ಬೂಟು, ಕಂಕುಳಲ್ಲಿ ಹಸಿರು ಚೌಕುಳಿ. ಜೀಪು ಬಂದಲ್ಲಿಗೆ ಬೀದಿಯೂ ಬರುವುದು ವಾಡಿಕೆಯಾದ್ದರಿಂದ ಹೆಡ್‌ಮಾಸ್ಟರು, ಕ್ಷೌರದವನು, ಕಾರಿನ ಸಾಹೇಬರು ಹಿಂದೆಯೇ ಬಂದು ನಿಂತರು.

"ಇದನ್ನ ಬರೆದೋರು ನೀವೇನಾ?" ಎಂದರು ಮೇಡಂ.

"ತಪ್ಪಾಯ್ತು ಮೇಡಂ..."

"ತಪ್ಪಾ? ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ಪ್ರತಿ ಬೀದಿಯವರೂ ಬರೆದು ಕಳಿಸೋದು ಒಂದೇ. ಆ ಮರ ಬೇಕು, ಈ ಮರ ಬೇಡ, ಪಕ್ಕದ ಮನೆಯೋನಿಗೆ ಸಿಗಬಾರದು. ಮರಕ್ಕೆ ಏನು ಬೇಕು ಅಂತ ಬರೆದೋರು ನೀವೊಬ್ಬರೇ." ಅವರು ಪುಸ್ತಕ ತೆರೆದು ಓದಿದರು. "ನಾಲ್ಕನೇ ಗುಂಡಿ. ಅರವತ್ತೆಂಟು, ನಲವತ್ತಾರು, ಇಪ್ಪತ್ತೈದು. ಅಂದ್ರೆ ಸಸಿ ಎತ್ತರ ಅರವತ್ತೆಂಟು ಇಂಚು, ಗುಂಡಿ ಅಗಲ ನಲವತ್ತಾರು, ಆಳ ಇಪ್ಪತ್ತೈದು, ಅಲ್ವಾ? ಪಕ್ಕದಲ್ಲಿ, 'ಬಿಗಿ ಬೇಡ, ಉಸಿರಾಡಲು ಜಾಗ ಬಿಡು'. ಬೇರಿಗೆ ಉಸಿರಾಡೋಕೆ ಜಾಗ ಬಿಡಿ ಅಂತ ನಾನು ಇಂಜಿನಿಯರುಗಳ ಹತ್ರ ಗಂಟಲು ಹರ್ಕೊಂಡಿದ್ದೀನಿ. ಬುಡಕ್ಕೇ ಸಿಮೆಂಟ್ ಬಳೀತಾರೆ. ನಿಮಗೆ ಯಾರು ಹೇಳ್ಕೊಟ್ರು?"

ನಾಲ್ಕನೆಯವನು ಬ್ಯಾಂಡಿನ ದೊಡ್ಡ ಡ್ರಮ್ಮಿನವನು. ಹೋದ ಸಲದ ಕೋಟು ಬಿಗಿಯಾಯಿತೆಂದು ಅವನೇ ಹೇಳಿಕೊಟ್ಟಿದ್ದ.

"ಅನುಭವ ಮೇಡಂ," ಎಂದ ಟೈಲರ್.

"ಆರನೇ ಗುಂಡಿ, 'ಎಡಗಡೆ ಇಳಿಜಾರು'. ಈಗ ಹೋಗಿ ನೋಡ್ಕೊಂಡು ಬಂದೆ. ಆರನೇ ಮನೆ ಮುಂದೆ ಫುಟ್‌ಪಾತ್ ನಿಜವಾಗಿಯೂ ಎಡಗಡೆ ಇಳಿಜಾರು."

ಬೀದಿಯವರೆಲ್ಲ ತಿರುಗಿ ಆರನೇ ಮನೆಯ ಫುಟ್‌ಪಾತ್ ನೋಡಿದರು. ಹೌದು, ಇಳಿಜಾರಿತ್ತು. ಎಷ್ಟೋ ವರ್ಷ ಅದರ ಮೇಲೆ ಓಡಾಡಿದ ಯಾರೂ ಗಮನಿಸಿರಲಿಲ್ಲ. ಬ್ಯಾಂಡಿನ ಆರನೆಯವನ ಎಡ ಭುಜ ಇಳಿಬಿದ್ದಿರುವುದನ್ನು ಮಾತ್ರ ಟೈಲರ್ ಗಮನಿಸಿದ್ದ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡು ಟೈಲರನನ್ನು ಹೊಸದಾಗಿ ನೋಡಿದರು.

"ಮೇಡಂ, ಒಂದು ಮಾತು, ಆ ಪುಸ್ತಕ..." ಎಂದು ಟೈಲರ್ ಸತ್ಯ ಹೇಳಲು ಹೊರಟ.

"ಇದು ಬರದಿದ್ರೆ ನಿಮ್ಮ ಬೀದಿ ಹೆಸರು ಹೊಡೆದುಹಾಕೋಳಿದ್ದೆ. ಪಕ್ಕದ ಬೀದಿಯೋರು ಎರಡು ಸಲ ಬಂದು ಹೋಗಿದ್ದಾರೆ. ಏನೋ ಹೇಳೋಕೆ ಬಂದ್ರಿ?"

ಟೈಲರ್ ಬೀದಿಯವರ ಮುಖ ನೋಡಿದ. ಹನ್ನೆರಡು ಸಸಿಗಳು ಅವನ ನಾಲಿಗೆಯ ತುದಿಯಲ್ಲಿ ನಿಂತಿದ್ದವು. "ಅಳತೆ ನಮ್ಮ ಕಸುಬು ಮೇಡಂ," ಎಂದ. ಇದು ಸುಳ್ಳಲ್ಲವೆಂಬುದನ್ನು ಓದುಗರು ದಾಖಲಿಸಿಕೊಳ್ಳಬೇಕು. "ಆ ಪುಸ್ತಕ ಒಂದು ಸಲ ವಾಪಸ್ ಸಿಕ್ಕರೆ..."

"ಕಡತಕ್ಕೆ ಸೇರಿಸಿ ದಾರ ಕಟ್ಟೋಕೆ ಹೇಳಿದ್ದೀನಿ. ನೋಡಬೇಕಾದ್ರೆ ಆಫೀಸಿಗೆ ಬನ್ನಿ. ಇದಕ್ಕೆ ತಕ್ಕ ಜಾತಿಯ ಮರ ನಾನೇ ಆರಿಸ್ತೀನಿ. ಭಾನುವಾರ ಸಮಾರಂಭ," ಎಂದು ಮೇಡಂ ಜೀಪು ಹತ್ತಿದರು.

ಎಲ್ಲರೂ ಹೋದ ಮೇಲೆ ಹೆಂಡತಿ ಕೇಳಿದಳು. "ಬ್ಯಾಂಡಿನಲ್ಲಿ ಹನ್ನೆರಡನೆಯೋನು ಯಾರು?"

"ಕ್ಲಾರಿನೆಟ್ಟಿನವನು."

"ಆ ಕಡ್ಡಿಯಂಥೋನಾ?"

"ಎದೆ ಮೂವತ್ತು," ಎಂದ ಟೈಲರ್ ನೆಲ ನೋಡುತ್ತಾ. "ಮೂವತ್ತಿಂಚಿನ ಗುಂಡೀಲಿ ಹೂವಿನ ಗಿಡ ಬೆಳೆದೀತು, ಅಷ್ಟೇ. ಬಾಯಿ ಬಿಟ್ಟರೆ ಹನ್ನೆರಡೂ ಹೋಗುತ್ತೆ ಕಣೇ."

ಅವಳು ಎದ್ದು ಮಷಿನಿನ ಹತ್ತಿರ ಹೋದಳು. ಆಮೇಲೆ ಕೊಡೆಯ ಕೋಲನ್ನು ಸರಿಯಾಗಿ ಬಿಗಿದು ಕಟ್ಟಿದಳು. "ಹನ್ನೊಂದು ಮನೆಗೆ ನೆರಳು, ನನಗೆ ಹಳೇ ಕೊಡೆ. ಆಗಲಿ, ಬಾಯಿ ಬಿಡಬೇಡಿ," ಎಂದಳು. ಟೈಲರನಿಗೆ ಅವಳು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ಈಗ ಸಮವಸ್ತ್ರದ ಕಥೆ. ಭಾನುವಾರಕ್ಕೆ ಹನ್ನೆರಡು ಕೋಟು, ಹನ್ನೆರಡು ಪ್ಯಾಂಟು. ಅಳತೆ ನಗರಸಭೆಯ ಕಡತದಲ್ಲಿ. ಮತ್ತೆ ಟೇಪ್ ಹಿಡಿದು ಹೋಗುವಂತಿಲ್ಲ. ಟೈಲರ್ ಪಟ್ಟಿ ಪರಿಶೀಲನೆಯ ನೆಪದಲ್ಲಿ ಆಫೀಸಿಗೆ ಹೋದ. ಗುಮಾಸ್ತನ ಎದುರು ಬರೆದುಕೊಂಡರೆ ಅನುಮಾನ ಬರುತ್ತದೆ, ಆದ್ದರಿಂದ ಬಾಯಿಪಾಠ. ಒಂದು ಸಲಕ್ಕೆ ಮೂರು ಜನರಿಗಿಂತ ಹೆಚ್ಚು ತಲೆಯಲ್ಲಿ ಹಿಡಿಯದು. ಓದುವುದು, ಕಣ್ಣು ಮುಚ್ಚುವುದು, ಯಾರ ಜೊತೆಗೂ ಮಾತಾಡದೆ ಓಡಿಬಂದು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚುವುದು, ಮತ್ತೆ ಓಡುವುದು. ದಾರಿಯಲ್ಲಿ ಹೆಡ್‌ಮಾಸ್ಟರು ಅಡ್ಡ ನಿಂತರು.

"ಏನಪ್ಪಾ, ಆರೋಗ್ಯನಾ?"

"ಅರವತ್ತಾರು, ನಲವತ್ತು, ಇಪ್ಪತ್ನಾಲ್ಕು, ಮುಂದೆ ಉಬ್ಬು," ಎಂದು ಟೈಲರ್ ನಿಲ್ಲದೆ ಹೋದ.

ಹೆಡ್‌ಮಾಸ್ಟರು ಇದನ್ನು ಬೀದಿಗೆಲ್ಲ ಹೇಳಿದರು. ಹಗಲಿರುಳು ಮರದ ಚಿಂತೆ, ಊಟ ತಿಂಡಿ ಮೇಲೆ ಗಮನವಿಲ್ಲ, ನಿಜವಾದ ವಿದ್ವಾಂಸ ಎಂದರು. ಬುಧವಾರದ ಹೊತ್ತಿಗೆ ಜನ ಬಾಡಿದ ಗಿಡಗಳ ಕುಂಡ ಹೊತ್ತು ಅಂಗಡಿಗೆ ಬರತೊಡಗಿದರು. ಟೈಲರ್ ಪ್ರತಿ ಗಿಡದ ಸುತ್ತ ಟೇಪು ಹಿಡಿದು, "ಸ್ವಲ್ಪ ಸಡಿಲ ಬಿಡಿ," ಎನ್ನುತ್ತಿದ್ದ. ದೊಡ್ಡ ಕುಂಡಕ್ಕೆ ಬದಲಾಯಿಸಿ ಎಂಬ ಅರ್ಥದಲ್ಲಿ ಜನ ತೆಗೆದುಕೊಂಡರು. ಮುಕ್ಕಾಲು ಪಾಲು ಗಿಡಗಳು ಚೇತರಿಸಿಕೊಂಡವು. ಕೀರ್ತಿ ಹೀಗೆ ಹಬ್ಬುತ್ತಿರುವಾಗ ಹೆಂಡತಿ ಕೊಡೆಯ ಕೆಳಗೆ ಕೂತು ಕೆಂಪು ಕೋಟುಗಳಿಗೆ ಹಿತ್ತಾಳೆಯ ಗುಂಡಿ ಹೊಲಿಯುತ್ತಿದ್ದಳು. ಶನಿವಾರ ಕೂಲಿಯವರು ಹನ್ನೆರಡು ಗುಂಡಿ ತೋಡಿ, ಯಾರೂ ಬೀಳದಿರಲೆಂದು ಹಲಗೆ ಮುಚ್ಚಿ ಹೋದರು. ಹನ್ನೆರಡನೆಯದರ ಹಲಗೆ ಎತ್ತಿ ನೋಡುವ ಧೈರ್ಯ ಗಂಡ ಹೆಂಡತಿ ಇಬ್ಬರಿಗೂ ಬರಲಿಲ್ಲ.

ಭಾನುವಾರ ಬೀದಿಯ ತುಂಬ ಜನ. ಪಕ್ಕದ ಬೀದಿಯವರು ಹೊಟ್ಟೆಕಿಚ್ಚು ಪಡಲೆಂದೇ ಸಂಸಾರ ಸಮೇತ ಬಂದಿದ್ದರು. ಕೆಂಪು ಸಮವಸ್ತ್ರದ ಬ್ಯಾಂಡು ಗುಡುಗಿತು. ಒಂದು ಕೋಟಿನಲ್ಲೂ ಒಂದು ಸುಕ್ಕಿಲ್ಲ. ಬ್ಯಾಂಡ್ ಮಾಸ್ತರು ಟೈಲರನ ಕಡೆ ನೋಡಿ ತಲೆದೂಗಿದರು. ಟೈಲರನ ಎದೆ ಒಂದೂವರೆ ಇಂಚು ಹಿಗ್ಗಿತು. ಆಗ ಮೇಡಂ ಮೈಕು ಹಿಡಿದರು. ಅವರ ಕೈಯಲ್ಲಿ ಹಸಿರು ಚೌಕುಳಿ ಪುಸ್ತಕವಿತ್ತು.

"ಎಲ್ಲಾ ಬೀದಿಯವರೂ ಕಲೀಬೇಕು ಅಂತ ಈ ಪಟ್ಟಿಯನ್ನ ಪೂರ್ತಿ ಓದ್ತೀನಿ," ಎಂದರು.

ಟೈಲರ್ ಹೆಂಡತಿಯ ಬೆನ್ನ ಹಿಂದೆ ಸರಿದ.

ಒಂದು, ಎರಡು, ಮೂರು ಹೇಗೋ ಕಳೆದವು. "ನಾಲ್ಕು. ಅರವತ್ತೆಂಟು, ನಲವತ್ತಾರು, ಇಪ್ಪತ್ತೈದು," ಎಂದಾಗ ದೊಡ್ಡ ಡ್ರಮ್ಮಿನವನು ಕತ್ತೆತ್ತಿದ. "ಆರು. ಎಡಗಡೆ ಇಳಿಜಾರು," ಎಂದಾಗ ಆರನೆಯವನು ತನ್ನ ಎಡ ಭುಜ ನೋಡಿಕೊಂಡ. ಬ್ಯಾಂಡಿನ ಸಾಲಿನಲ್ಲಿ ಗುಸುಗುಸು ಎದ್ದಿತು.

"ಒಂಬತ್ತನೇದು ಮಾತ್ರ ನನಗೂ ಪೂರ್ತಿ ಅರ್ಥ ಆಗ್ಲಿಲ್ಲ," ಎಂದರು ಮೇಡಂ. "'ಕೂರುವಾಗ ಜೋಪಾನ, ಹೋದ ಸಲ ಹರಿಯಿತು'. ಹಕ್ಕಿ ಕೂತಾಗ ಎಳೆ ಕೊಂಬೆ ಹರಿಯೋದರ ಬಗ್ಗೆ ಇರಬೇಕು ಅಂತ ನನ್ನ ಅಂದಾಜು."

ಬ್ಯಾಂಡಿನ ಹನ್ನೊಂದು ಜನ ಒಟ್ಟಿಗೆ ತಿರುಗಿ ಟ್ರಂಪೆಟ್ಟಿನವನನ್ನು ನೋಡಿದರು. ಹೋದ ವರ್ಷದ ಕಾರ್ಯಕ್ರಮದಲ್ಲಿ ಅವನು ವೇದಿಕೆಯ ಮೇಲೆ ಕೂರಲು ಹೋದಾಗ ಆದದ್ದನ್ನು ಅವರಾರೂ ಮರೆತಿರಲಿಲ್ಲ.

"ಮೇಡಂ," ಎಂದ ಟ್ರಂಪೆಟ್ಟಿನವನು, ಕೆಂಪು ಕೋಟಿಗಿಂತ ಕೆಂಪಾಗಿ. "ಅದು ಹಕ್ಕಿ ಅಲ್ಲ. ನನ್ನ ಪ್ಯಾಂಟು."

ನಗು ಬೀದಿಯ ಆ ತುದಿಯಿಂದ ಈ ತುದಿಗೆ ಹೋಗಿ ಮರಳಿ ಬಂತು. ಹೆಡ್‌ಮಾಸ್ಟರು ಎದ್ದು ನಿಂತು, "ಇದು ಮರದ ಪಟ್ಟಿ ಅಲ್ಲ, ಬ್ಯಾಂಡಿನವರ ಅಂಗಿ ಅಳತೆ. ನನಗೆ ಮೊದಲ ದಿನವೇ ಅನುಮಾನ ಇತ್ತು," ಎಂದರು. ವಿದ್ವಾಂಸನೆಂಬ ಬಿರುದು ಕೊಟ್ಟವರು ಅವರೇ ಎಂಬುದನ್ನು ನೆನಪಿಸಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಪಕ್ಕದ ಬೀದಿಯವರು ಸಸಿಗಳ ಕಡೆ ಎರಡು ಹೆಜ್ಜೆ ಮುಂದೆ ಬಂದರು.

ಟೈಲರ್ ಹೆಂಡತಿಯ ಬೆನ್ನ ಹಿಂದಿನಿಂದ ಹೊರಬಂದ. "ನಿಜ ಮೇಡಂ. ಪುಸ್ತಕ ಅದಲುಬದಲಾಯ್ತು. ಹೇಳಿದ್ರೆ ಗಿಡ ಹೋಗುತ್ತೆ ಅಂತ ಹೆದರಿ ಹೇಳಲಿಲ್ಲ. ನನಗೆ ಮರ ಗೊತ್ತಿಲ್ಲ, ಮನುಷ್ಯರ ಮೈ ಮಾತ್ರ ಗೊತ್ತು."

ಮೇಡಂ ಮೈಕು ಕೆಳಗಿಳಿಸಿದರು. ಆಗ ಕಾರಿನ ಸಾಹೇಬರ ದನಿ ಕೇಳಿಸಿತು. "ಹಾಗಾದ್ರೆ ನನ್ನ ಮನೆ ಮುಂದಿನ ಮರ ರದ್ದು ತಾನೇ?"

ದೊಡ್ಡ ಡ್ರಮ್ಮಿನವನು ಡ್ರಮ್ಮು ಕೆಳಗಿಟ್ಟ. ಅವನು ನಡೆದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. "ಯಾಕೆ ಸಾರ್? ನನ್ನ ಅಳತೆಗೇನು ಕಮ್ಮಿಯಾಗಿದೆ?" ಎಂದ.

"ನಿಮ್ಮದಕ್ಕಲ್ಲ, ಎಲೆ ಉದುರುತ್ತೆ ಅಂತ..."

"ಉದುರಲಿ. ನಾನೇ ಬಂದು ಗುಡಿಸ್ತೀನಿ," ಎಂದು ಅವನು ನಾಲ್ಕನೇ ಸಸಿಯನ್ನು ಮಗುವಿನಂತೆ ಎತ್ತಿ ನಾಲ್ಕನೇ ಗುಂಡಿಯಲ್ಲಿ ಇಳಿಸಿದ. ಅದನ್ನು ನೋಡಿ ಆರನೆಯವನು ತನ್ನದನ್ನು ಎತ್ತಿದ. ಟ್ರಂಪೆಟ್ಟಿನವನು ಬಹಳ ಜೋಪಾನವಾಗಿ ಮೊಣಕಾಲೂರಿ ಕೂತು ಒಂಬತ್ತನೆಯದಕ್ಕೆ ಮಣ್ಣು ಎಳೆದ. ಈ ಸಲ ಏನೂ ಹರಿಯಲಿಲ್ಲ. ಕ್ಷಣದಲ್ಲಿ ಬೀದಿಯುದ್ದಕ್ಕೂ ಕೆಂಪು ಬೆನ್ನುಗಳು ಬಾಗಿದ್ದವು. ಹೆಡ್‌ಮಾಸ್ಟರು ನೀರು ತರಲು ಓಡಿದರು.

ಮೇಡಂ ಮತ್ತೆ ಮೈಕು ಎತ್ತಿದರು. "ಆದೇಶಕ್ಕೆ ರುಜು ಬಿದ್ದಾಗಿದೆ. ಇನ್ನೊಂದು ಮಾತು. ಈ ನಗರದಲ್ಲಿ ಬಕೆಟ್ ಹಿಡಿಸೋವಷ್ಟು ಗುಂಡಿ ತೋಡಿ, ಮರ ಯಾಕೆ ಸಾಯ್ತು ಅಂತ ಕೇಳ್ತಾರೆ. ಮನುಷ್ಯನ ಮೈಯಳತೆಗೆ ತೋಡಿದ್ದು ಇದೊಂದೇ ಬೀದೀಲಿ. ಬೇರೆ ಬೀದಿಗಳಿಗೂ ಇನ್ಮೇಲೆ ಇದೇ ಅಳತೆ."

ಜನ ಚಪ್ಪಾಳೆ ತಟ್ಟಿದರು. ಟೈಲರ್ ತಟ್ಟಲಿಲ್ಲ. ಅವನು ಹನ್ನೆರಡನೆಯ ಗುಂಡಿಯ ಪಕ್ಕ ನಿಂತಿದ್ದ ಹೆಂಡತಿಯನ್ನೇ ನೋಡುತ್ತಿದ್ದ. ಕ್ಲಾರಿನೆಟ್ಟಿನವನು ಬಾಗಿ ಹಲಗೆ ಎತ್ತಿದ. ಒಳಗೆ ನೋಡಿ, "ಇದರಲ್ಲಿ ನನ್ನಂಥೋರು ಇಬ್ಬರು ಮಲಗಬಹುದು," ಎಂದ.

ಬೀದಿಯಲ್ಲೇ ದೊಡ್ಡ ಗುಂಡಿ ಅದು.

"ಮೊದಲು ನಾನೂ ಮೂವತ್ತಿಂಚಿಗೆ ಹೂವಿನ ಗಿಡ ಸಾಕು ಅಂದ್ಕೊಂಡಿದ್ದೆ," ಎಂದರು ಮೇಡಂ. "ಆಮೇಲೆ ನಿಮ್ಮ ಷರಾ ನೋಡ್ದೆ. 'ಒಂದು ವರ್ಷದಲ್ಲಿ ದುಪ್ಪಟ್ಟು. ಒಳಗೆ ನಾಲ್ಕು ಇಂಚು ಬಿಡು.' ಅದಕ್ಕೆ ಅರವತ್ತು ಮಾಡಿಸಿ, ಸುತ್ತ ಇನ್ನೂ ನಾಲ್ಕು ಬಿಡಿಸಿದೆ. ಅಷ್ಟು ಜಾಗಕ್ಕೆ ಹೊಂಗೆ ಬಿಟ್ಟು ಇನ್ನೇನು ಹಾಕ್ಲಿ?"

ಜನರ ನಡುವಿನಿಂದ ಕ್ಲಾರಿನೆಟ್ಟಿನವನ ಹೊಸ ಹೆಂಡತಿ ಮುಂದೆ ಬಂದಳು. "ಯಾರು ದುಪ್ಪಟ್ಟಾಗೋದು?" ಎಂದು ಕೇಳಿದಳು.

"ನೀವು ಅಡುಗೆ ಚೆನ್ನಾಗಿ ಮಾಡ್ತೀರಿ ಅಂತ ಕೇಳಿದ್ದೆ ತಾಯಿ," ಎಂದ ಟೈಲರ್.

ಟೈಲರನ ಹೆಂಡತಿ ಬೆರಳಿನಷ್ಟೇ ದಪ್ಪದ ಆ ಹೊಂಗೆ ಸಸಿಯನ್ನು ಬುಡದಿಂದ ತುದಿಯ ತನಕ ನೋಡಿದಳು. ಇದ್ದದ್ದು ಹದಿನಾಲ್ಕು ಎಲೆ. ಗಂಡನ ಕೊರಳಿನಿಂದ ಟೇಪು ಎಳೆದುಕೊಂಡು ಅದರ ಎತ್ತರ ಅಳೆದಳು. "ಬರ್ಕೊಳ್ಳಿ," ಎಂದಳು. ಆಮೇಲೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೈಲರ್ ಬರೆದುಕೊಂಡ. ಯಾವ ಪುಸ್ತಕದಲ್ಲಿ ಎಂದು ಎರಡು ಸಲ ನೋಡಿ ಬರೆದುಕೊಂಡ.

ಅಂದಿನಿಂದ ಪ್ರತಿ ಭಾನುವಾರ ಅಳತೆಯಾಗುತ್ತದೆ. ಕಾರಿನ ಸಾಹೇಬರ ಮನೆ ಮುಂದೆ ಡ್ರಮ್ಮಿನವನು ಮಾತಿಗೆ ತಪ್ಪದೆ ಬಂದು ಗುಡಿಸುತ್ತಾನೆ. ಸಾಹೇಬರು ಅವನಿಗೆ ಚಹಾ ಕೊಡುತ್ತಾರೆ. ಕ್ಲಾರಿನೆಟ್ಟಿನವನ ವಿಷಯದಲ್ಲಿ ಟೈಲರನ ಲೆಕ್ಕ ಸ್ವಲ್ಪ ತಪ್ಪಿತು. ಒಂದು ವರ್ಷದಲ್ಲಿ ಆಗಬೇಕಾದದ್ದಕ್ಕೆ ಮೂರು ವರ್ಷ ಹಿಡಿಯಿತು. ಮೂರನೇ ವರ್ಷದ ಒಂದು ಮಧ್ಯಾಹ್ನ ಅವನು ಕೆಂಪು ಕೋಟನ್ನು ಕಂಕುಳಲ್ಲಿ ಹಿಡಿದು, ಏದುಸಿರು ಬಿಡುತ್ತಾ ಅಂಗಡಿಗೆ ಬಂದ.

"ಅಕ್ಕಾ, ಗುಂಡಿ ಹಾಕೋಕಾಗ್ತಿಲ್ಲ," ಎಂದ.

ಟೈಲರನ ಹೆಂಡತಿ ಕೋಟನ್ನು ಒಳಮಗ್ಗುಲು ತಿರುವಿ, ಮಡಚಿಟ್ಟಿದ್ದ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಹೊಲಿಗೆ ಬಿಚ್ಚಲು ಶುರುಮಾಡಿದಳು. ನಾಲ್ಕೂ ಇಂಚು ಬಿಚ್ಚಬೇಕಾಯಿತು. ಗಂಟೆ ಮೂರಾಗಿತ್ತು. ಕೊಡೆ ಒಳಗೆ ಮೂಲೆಯಲ್ಲಿ ಮಡಚಿಕೊಂಡು ನಿಂತಿತ್ತು. ಹೊಂಗೆಯ ನೆರಳು ಹೊಸ್ತಿಲು ದಾಟಿ ಮಷಿನಿನ ತನಕ ಬಂದಿತ್ತು, ಅವಳು ಅದರೊಳಗೆ ಕೂತು ಹೊಲಿಗೆ ಬಿಚ್ಚುತ್ತಿದ್ದಳು.